ದಣಿಯುವ ಮೊದಲೇ ಕೂತುಕೊಳ್ಳುವ ನಮ್ಮ ಚಿಗವ್ವ

ನಮ್ಮ ಚಿಗವ್ವನಷ್ಟು ಚೆನ್ನಾಗಿ ಕೂತುಕೊಳ್ಳುವವರು ಇಡೀ ವಿಜಯಪುರ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಎದ್ದು ನಿಂತು ಹೇಳಬಲ್ಲೆ. ನಾನು ಎದ್ದು ನಿಂತು ಹೇಳುವಾಗ ಆಕೆ ಅದನ್ನು ಕೂತುಕೊಂಡೇ ಕೇಳುತ್ತಿರುತ್ತಾಳೆ, ಆ ಮಾತು ಬೇರೆ. ಕೂತುಕೊಳ್ಳುವುದರಲ್ಲಿ ಚೆನ್ನಾಗಿ ಕೂರುವುದು, ಕೆಟ್ಟದಾಗಿ ಕೂರುವುದು ಅಂತ ಇದೆಯೇ ಎಂದು ನೀವು ಕೇಳಬಹುದು. ಇದೆ. ನಾವು ನೀವು ಕೂತುಕೊಳ್ಳುವುದು ಏಳುವುದಕ್ಕಾಗಿ. ಅರ್ಧ ಮೈ ಕುರ್ಚಿಯ ಮೇಲಿದ್ದರೆ ಇನ್ನರ್ಧ ಮುಂದಿನ ಕೆಲಸದ ಮೇಲಿರುತ್ತದೆ. ಚಿಗವ್ವ ಹಾಗಲ್ಲ. ಆಕೆ ಕೂತಳೆಂದರೆ ಸೆರಗು ಕೂತಿತು, ಕನ್ನಡಕ ಕೂತಿತು, ಮನಸ್ಸೂ ಕೂತಿತು. ಆಕೆಯನ್ನು ಹೊತ್ತ ಕಟ್ಟೆ ಕೂಡ ಸ್ವಲ್ಪ ಆರಾಮಾದಂತೆ ಕಾಣುತ್ತದೆ.

ಚಿಗವ್ವ ಅಂದರೆ ನಮ್ಮ ಅವ್ವನ ತಂಗಿ. ಮನೆ ಬಸವನ ಬಾಗೇವಾಡಿಯಲ್ಲಿ. ಹೂವಿನ ಹಿಪ್ಪರಗಿಯ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸಿ ಈಗ ನಿವೃತ್ತಳಾಗಿದ್ದಾಳೆ. ಸದಾ ಕೂತಿರುತ್ತಾಳೆ ಎಂದ ಮಾತ್ರಕ್ಕೆ ಸೋಮಾರಿ ಎಂದು ತಿಳಿಯಬೇಡಿ. ಬೆಳಗಾಗುವುದರೊಳಗೆ ಎಮ್ಮೆ ಹಿಂಡಿ, ಅಂಗಳ ಗುಡಿಸಿ, ಎರಡು ಪೇಪರು ಓದಿ ಮುಗಿಸಿರುತ್ತಾಳೆ. ಮೈಯಲ್ಲಿ ಒಂದು ಹಿಡಿ ಹೆಚ್ಚಿನ ಮಾಂಸವಿಲ್ಲ. ಆಕೆಯ ಗಂಡ, ನಮ್ಮ ಕಾಕಾ, ದಿನವಿಡೀ ಓಡಾಡುವ ಮನುಷ್ಯ. ಸಂಜೆಗೆ ಅವರ ಯಾವ ಕೆಲಸವೂ ಮುಗಿದಿರುವುದಿಲ್ಲ, ಈಕೆಯದು ಒಂದೂ ಬಾಕಿ ಇರುವುದಿಲ್ಲ. ಇದು ಹೇಗೆ ಸಾಧ್ಯ ಎಂದು ಕಾಕಾ ನಲವತ್ತು ವರ್ಷಗಳಿಂದ ಯೋಚಿಸುತ್ತಿದ್ದಾರೆ, ಅದನ್ನೂ ನಡೆದಾಡುತ್ತಲೇ.

ಆಕೆ ಶಾಲೆಯಲ್ಲಿದ್ದಾಗ ಪ್ರತಿವರ್ಷ ಮಕ್ಕಳನ್ನು ಆಲಮಟ್ಟಿಯ ತೋಟ ತೋರಿಸಲು ಕರೆದೊಯ್ಯುತ್ತಿದ್ದರು. ಉಳಿದ ಮಾಸ್ತರರು ಸೀಟಿ ಊದಿ ಊದಿ ಗಂಟಲು ಕಟ್ಟಿಸಿಕೊಂಡು, ಕಳೆದುಹೋದ ಹುಡುಗರನ್ನು ಕಾರಂಜಿಯ ಹಿಂದೆ, ಹೋಟೆಲಿನ ಮುಂದೆ ಹುಡುಕುತ್ತಿದ್ದರಂತೆ. ಚಿಗವ್ವನ ತರಗತಿಯ ಮಕ್ಕಳು ಮಾತ್ರ ಒಂದೂ ಕಳೆಯುತ್ತಿರಲಿಲ್ಲ. ಉಪಾಯ ಸರಳ. ಸ್ವಲ್ಪ ನಡೆಸುವುದು, ಕೂರಿಸುವುದು. ಮತ್ತೆ ಸ್ವಲ್ಪ ನಡೆಸುವುದು, ಕೂರಿಸುವುದು. "ನಿಂತ ಹುಡುಗುರು ಓಡ್ತಾವು, ಕುಂತ ಹುಡುಗುರನ್ನ ಎಣಸಬಹುದು" ಎನ್ನುತ್ತಿದ್ದಳು. ಮಕ್ಕಳು ದಣಿದಿದ್ದೇವೆ ಎಂದು ಹೇಳುವವರೆಗೆ ಆಕೆ ಎಂದೂ ಕಾಯಲಿಲ್ಲ.

"ದಣದಮ್ಯಾಲ ಕುಂತ್ರ ಅದು ಕುಂದ್ರೂದಲ್ಲ, ಬೀಳೂದು. ದಣಿಯೂದಕ್ಕ ಮೊದಲ ಕುಂದರಬೇಕು."

ಈ ಮಾತನ್ನು ನಾನು ಬಾಲ್ಯದಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿ ನಕ್ಕದ್ದೂ ಅಷ್ಟೇ ಸಲ.

ಒಮ್ಮೆ ಸಿಂದಗಿ ಬಸ್ ನಿಲ್ದಾಣದಲ್ಲಿ ಆಕೆಯ ಜೊತೆ ಬಾಗೇವಾಡಿ ಬಸ್ಸಿಗೆ ಕಾಯುತ್ತಿದ್ದೆ. ಸಂತೆಯ ದಿನ. ಬಸ್ಸು ಒಳಗೆ ಬರುತ್ತಲೇ ಜನ ಅದರ ಮೇಲೆ ಮುಗಿಬಿದ್ದರು. ಕಿಟಕಿಯಿಂದ ಟವೆಲು, ಚೀಲ, ಕಡೆಗೆ ಒಂದು ಕೂಸೂ ಒಳಗೆ ಹೋಗಿ ಸೀಟು ಹಿಡಿದವು. ನಾನೂ ಕರವಸ್ತ್ರ ಹಿಡಿದು ನುಗ್ಗಲು ಹೊರಟೆ. ಚಿಗವ್ವ ಕಲ್ಲುಬೆಂಚಿನ ಮೇಲಿಂದಲೇ ನನ್ನ ಅಂಗಿ ಹಿಡಿದಳು.

"ಎಲ್ಲಿ ಹೊಂಟಿ?"

"ಬಸ್ಸು ಹೋಗ್ತೈತಿ ಚಿಗವ್ವ."

"ಬಸ್ಸು ಹೋಗೂದಕ್ಕ ಬಂದೈತಿ, ಹೋಗ್ಲಿ. ನೀ ಕುಂದ್ರು."

ಬಸ್ಸು ಬಾಗಿಲಿಗೆ ಜನರನ್ನು ಜೋತುಹಾಕಿಕೊಂಡು ಹೋಯಿತು. ನಾನು ಮುಖ ಉಬ್ಬಿಸಿಕೊಂಡು ಕೂತೆ. ಎರಡು ಕಪ್ಪು ಚಹಾ ಆಗುವಷ್ಟರಲ್ಲಿ ಇನ್ನೊಂದು ಬಸ್ಸು ಬಂತು. ಒಳಗೆ ನಾವಿಬ್ಬರು, ಒಬ್ಬ ಅಜ್ಜ, ಒಂದು ಬುಟ್ಟಿ ಮೆಣಸಿನಕಾಯಿ. ದೇವರ ಹಿಪ್ಪರಗಿ ದಾಟಿದ ಮೇಲೆ ನೋಡಿದರೆ ಮೊದಲನೆಯ ಬಸ್ಸು ಗಾಲಿ ಪಂಕ್ಚರ್ ಆಗಿ ರಸ್ತೆಯ ಬದಿಗೆ ನಿಂತಿದೆ, ಅಷ್ಟೂ ಜನ ಜಾಲಿಗಿಡದ ಬುಡದಲ್ಲಿ ನೆರಳಿಗಾಗಿ ಮತ್ತೆ ನೂಕಾಡುತ್ತಿದ್ದಾರೆ. ಚಿಗವ್ವ ಅವರನ್ನು ನೋಡಿ ನಗಲಿಲ್ಲ. ಕೈಬೀಸಿದಳು, ಅಷ್ಟೇ. ಗಾಲಿ ಪಂಕ್ಚರ್ ಆಗುವುದು ಆಕೆಗೆ ಮೊದಲೇ ಹೇಗೆ ಗೊತ್ತಿತ್ತು ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಗೊತ್ತಿರಲಿಲ್ಲ. ಪಂಕ್ಚರ್ ಆಗದಿದ್ದರೂ ಆಕೆ ಅಷ್ಟೇ ಆರಾಮವಾಗಿ ಇರುತ್ತಿದ್ದಳು. ನನಗೆ ಆಶ್ಚರ್ಯವೆನಿಸುವುದು ಅದೇ.

ಇಂಥ ಚಿಗವ್ವ ನಮ್ಮ ಜೊತೆ ಥೀಮ್ ಪಾರ್ಕಿಗೆ ಬರುತ್ತೇನೆ ಎಂದಾಗ ನಾವು ಬೆದರಿದ್ದರಲ್ಲಿ ತಪ್ಪೇನಿದೆ?

ಪ್ರವಾಸ ನಮ್ಮ ಅಣ್ಣನದು. ಅವನು ಸಿಂದಗಿಯಲ್ಲಿ ತೊಗರಿ ವ್ಯಾಪಾರ ಮಾಡುತ್ತಾನೆ. ಒಳ್ಳೆಯವನು, ಆದರೆ ಒಂದು ಕಡೆ ನಿಲ್ಲುವವನಲ್ಲ. ಹಲ್ಲು ಉಜ್ಜುವಾಗಲೂ ಮನೆಯ ಸುತ್ತ ಎರಡು ಸುತ್ತು ಹಾಕುತ್ತಾನೆ. ಆ ಬೇಸಿಗೆಯಲ್ಲಿ ಅವನ ಹೆಂಡತಿ, ಅಂದರೆ ನಮ್ಮ ನೀಲಾ ವೈನಿ, ರೊಟ್ಟಿ ಬಡಿಯುತ್ತ ಬಡಿಯುತ್ತ ಒಲೆಯ ಮುಂದೆ ತಲೆತಿರುಗಿ ಬಿದ್ದಿದ್ದಳು. ಕೈಗೆ ಹತ್ತಿದ ಹಿಟ್ಟು ಹಾಗೇ ಇತ್ತು. ಡಾಕ್ಟರು ನೋಡಿ, ಮೈಯಲ್ಲಿ ರಕ್ತ ಕಡಿಮೆಯಾಗಿದೆ, ಗುಳಿಗೆ ತಗೊಳ್ಳಲಿ, ರೆಸ್ಟ್ ಮಾಡಲಿ ಎಂದರು. ಗುಳಿಗೆ ಅಂಗಡಿಯಲ್ಲಿ ಸಿಕ್ಕವು. ರೆಸ್ಟ್ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅವರು ಹೇಳಲಿಲ್ಲ. ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ವೈನಿಗಂತೂ ಮೊದಲೇ ಗೊತ್ತಿರಲಿಲ್ಲ. ಅಣ್ಣನಿಗೆ ಹೆಂಡತಿಯ ಮೇಲೆ ಪ್ರೀತಿ ಬಹಳ. ಪ್ರೀತಿ ಬಂದಾಗ ಅವನಿಗೆ ಹೊಳೆಯುವುದು ಒಂದೇ ಉಪಾಯ, ಗಾಡಿ ಮಾಡಿಸುವುದು.

"ದೀಪಾವಳಿ ಸೂಟಿಯಾಗ ಹೈದರಾಬಾದ್ ಕಡೆ ದೊಡ್ಡ ಪಾರ್ಕಿಗೆ ಹೋಗೂಣು. ನಾಕು ದಿನ. ಅಕಿಗೂ ಆರಾಮ ಆಗ್ತೈತಿ" ಎಂದ.

ಅಣ್ಣ, ವೈನಿ, ಅವರ ಮಗಳು ಅಂಕಿತಾ, ಮಗ ಸೋಮು, ಇಂಡಿಯಿಂದ ನಾನು ಮತ್ತು ನನ್ನ ಹೆಂಡತಿ. ಕಾಲೇಜಿನಲ್ಲಿ ಭೂಗೋಳ ಕಲಿಸುವವನೆಂದು ಪಾರ್ಕಿನ ನಕ್ಷೆ ನೋಡುವ ಕೆಲಸ ನನಗೆ ಬಂತು. ಯಾವ ಜೋಕಾಲಿಯಿಂದ ಯಾವ ರೈಲಿಗೆ ಓಡಬೇಕು ಎಂಬುದನ್ನೆಲ್ಲ ಅಣ್ಣ ಫೋನಿನಲ್ಲಿ ಬರೆದಿಟ್ಟ. ಅವನ ಹಟ ಒಂದೇ, ಒಂದನ್ನೂ ಬಿಡಬಾರದು. ಇತ್ತ ವೈನಿ ವಾರ ಮೊದಲೇ ತಯಾರಿಗೆ ನಿಂತಳು. ಉಂಡಿ, ಚಕ್ಕಲಿ, ಶೇಂಗಾ ಹಿಂಡಿ, ಎಲ್ಲರ ಬಟ್ಟೆ, ಎಲ್ಲರ ಗುಳಿಗೆ. ಪ್ರವಾಸ ಶುರುವಾಗುವ ಮೊದಲೇ ಪ್ರವಾಸದ ದಣಿವು ಆಕೆಯ ಮುಖದ ಮೇಲೆ ಬಂದಿತ್ತು.

ಆಗ ಚಿಗವ್ವನ ಫೋನು ಬಂತು. "ನಾನೂ ಬರ್ತೇನಿ."

"ಭಾಳ ನಡಿಯೂದು ಇರ್ತೈತಿ ಚಿಗವ್ವ" ಎಂದ ಅಣ್ಣ.

"ನೀವು ನಡೀರಿ. ನಾ ಕುಂದರ್ತೇನಿ."

"ಕಾಕಾನ್ನೂ ಕರಕೊಂಡು ಬಾ."

"ಅವರು ಬ್ಯಾಡ. ನಡಿಯೂವಾಗ ಹಿಂದ ತಿರುಗಿ ನೋಡಂಗಿಲ್ಲ. ಎಮ್ಮಿ ನೋಡಿಕೊಳ್ಳಲಿ."

ಹೊರಡುವ ಹಿಂದಿನ ದಿನ ಸಿಂದಗಿಗೆ ಬಂದಿಳಿದಳು. ಕೈಯಲ್ಲಿ ಒಂದು ಸಣ್ಣ ಚೀಲ, ಬಗಲಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಒಂದು ಕೌದಿ, ಜೊತೆಗೆ ಬಾಗೇವಾಡಿಯ ರೊಟ್ಟಿ ಕೇಂದ್ರದಲ್ಲಿ ಕೊಂಡ ಖಡಕ್ ರೊಟ್ಟಿಯ ಎತ್ತರದ ಕಟ್ಟು. ವೈನಿ ಆಗಷ್ಟೇ ಹಿಟ್ಟು ನಾದಿಕೊಂಡು ರೊಟ್ಟಿಗೆ ಕೂತಿದ್ದಳು. ಆ ಕಟ್ಟು ನೋಡಿ ಆಕೆಯ ಮುಖ ಸಣ್ಣದಾಯಿತು.

"ನಾ ಮನ್ಯಾಗ ಇದ್ದು ಹೊರಗಿನ ರೊಟ್ಟಿ ಯಾಕ್ರಿ ಚಿಗವ್ವಾರ?"

"ನನಗ ಆ ರೊಟ್ಟಿನ ರುಚಿ. ನೀ ಒಲಿ ಆರಸು."

ನಮಗೆಲ್ಲ ಸಿಟ್ಟು ಬಂತು. ಇಷ್ಟು ಕಷ್ಟಪಡುವ ಹೆಣ್ಣುಮಗಳಿಗೆ ಹೀಗೆ ಮುಖಕ್ಕೆ ಹೊಡೆದಂತೆ ಮಾತಾಡುವುದೇ? ವೈನಿ ಒಲೆ ಆರಿಸಿ, ನಾದಿದ ಹಿಟ್ಟನ್ನು ಮುಚ್ಚಿಟ್ಟು, ಮಾಡಲು ಕೆಲಸವಿಲ್ಲದೆ ಒಂದಷ್ಟು ಹೊತ್ತು ಸುಮ್ಮನೆ ಕೂತಳು. ಆ ಕೂತದ್ದನ್ನು ನಾನು ಆಗ ಗಮನಿಸಲಿಲ್ಲ.

ಜೀಪಿನಲ್ಲಿ ಕಲಬುರಗಿ, ಅಲ್ಲಿಂದ ರೈಲಿನಲ್ಲಿ ಹೈದರಾಬಾದು, ಅಲ್ಲಿಂದ ಊರ ಹೊರಗಿನ ಪಾರ್ಕು. ಒಳಗೇ ವಸತಿ, ನಮಗೆ ಮೂರು ಕೋಣೆ. ಚಿಗವ್ವ ಮೊದಲೇ ಹೇಳಿಬಿಟ್ಟಳು, "ನನಗ ಗೊರಕಿ ಭಾಳ. ಉಳದವರಿಗೆ ತ್ರಾಸ ಬ್ಯಾಡ. ನೀಲಾ ಒಬ್ಬಾಕಿ ನನ್ನ ಕೂಡ ಇರಲಿ." ಪಾಪ ವೈನಿ, ಮನೆಯಲ್ಲಿ ಮೂವರ ಸೇವೆ, ಇಲ್ಲಿ ಈಕೆಯ ಗೊರಕೆ ಎಂದು ನನ್ನ ಹೆಂಡತಿ ನನ್ನ ಕಿವಿಯಲ್ಲಿ ಉಸುರಿದಳು.

ಮೊದಲನೆಯ ದಿನ ಬಾಗಿಲು ತೆಗೆಯುವ ಮೊದಲೇ ಅಣ್ಣ ನಮ್ಮನ್ನು ಸಾಲಿನಲ್ಲಿ ನಿಲ್ಲಿಸಿದ. ಕಾವಲಿನವನು ಎಲ್ಲರ ಚೀಲ ನೋಡಿ, ಚಿಗವ್ವನ ಬಗಲಲ್ಲಿದ್ದ ಕೌದಿಯ ಸುರುಳಿಯ ಮುಂದೆ ನಿಂತ.

"ಇಸ್ ಮೇ ಕ್ಯಾ ಹೈ, ಮಾಜಿ?"

"ಆರಾಮ್ ಹೈ, ಬೇಟಾ."

ಅವನು ಕೌದಿಯನ್ನು ಎರಡು ಕಡೆ ಒತ್ತಿ ನೋಡಿದ. ನಿಜಕ್ಕೂ ಆರಾಮವೇ ಇತ್ತೆಂದು ಕಾಣುತ್ತದೆ, ಒಳಗೆ ಬಿಟ್ಟ.

ಬಾಗಿಲು ತೆಗೆಯುತ್ತಲೇ ಜನ ಓಡಿದರು. ನಾವೂ ಓಡಿದೆವು. ಎಲ್ಲಕ್ಕಿಂತ ದೂರದ ಜೋಕಾಲಿಯಿಂದ ಶುರುಮಾಡಬೇಕೆಂಬುದು ಅಣ್ಣನ ಯೋಜನೆ. ಸ್ವಲ್ಪ ದೂರ ಓಡಿ ತಿರುಗಿ ನೋಡಿದರೆ ಚಿಗವ್ವ ಬಾಗಿಲಿನ ಸಮೀಪವೇ ಒಂದು ದೊಡ್ಡ ಬೇವಿನ ಗಿಡದ ಕೆಳಗೆ ಕೌದಿ ಹಾಸಿದ್ದಳು.

"ಚಿಗವ್ವ, ಪಾರ್ಕು ಇನ್ನೂ ಮುಂದೈತಿ" ಎಂದು ಅಣ್ಣ ಕೂಗಿದ.

"ಇದೂ ಪಾರ್ಕs ಐತಿ. ನೀವು ನಡೀರಿ. ನೀಲಾನ್ನ ಬಿಟ್ಟು ಹೋಗ್ರಿ. ನನಗ ಇಲ್ಲಿ ಭಾಷಾ ಬರಂಗಿಲ್ಲ, ಒಬ್ಬಾಕಿಗೆ ಅಂಜಿಕಿ ಬರ್ತೈತಿ."

ಅಂಜಿಕೆ! ಶಾಲೆ ತಪಾಸಣೆಗೆ ಬಂದ ಸಾಹೇಬರು ಮಕ್ಕಳ ಮುಂದೆ ಸಿಗರೇಟು ತೆಗೆದರೆಂದು ಅವರನ್ನೇ ಹೊರಗೆ ನಿಲ್ಲಿಸಿದವಳಿಗೆ ಅಂಜಿಕೆ. ಆಗಲೇ ನಮಗೆ ಸಂಶಯ ಬರಬೇಕಿತ್ತು. ಆದರೆ ಓಡುವವರಿಗೆ ಸಂಶಯಪಡಲು ಪುರಸೊತ್ತೆಲ್ಲಿ? ವೈನಿ ಹಿಂದೆ ಉಳಿದಳು, ನಾವು ಓಡಿದೆವು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಸ್ಥಿತಿ ಹೇಳುವಂತಿರಲಿಲ್ಲ. ಗಿರಗಿರ ತಿರುಗುವ ಬಟ್ಟಲಿನಲ್ಲಿ ಕೂತು ಬಂದ ಸೋಮು ವಾಂತಿ ಮಾಡಿಕೊಂಡಿದ್ದ. ಬಿಸಿಲಿನ ಸಾಲಿನಲ್ಲಿ ನಿಂತು ನಿಂತು ಅಂಕಿತಾ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ನನ್ನ ಹೆಂಡತಿಯ ಚಪ್ಪಲಿಯ ಉಂಗುಷ್ಟ ಕಿತ್ತು, ಅದಕ್ಕೂ ನಾನೇ ಹೊಣೆ ಎಂದು ತೀರ್ಮಾನವಾಗಿತ್ತು. ನನ್ನ ಮೊಣಕಾಲುಗಳು ಭೂಕಂಪದ ಪಾಠ ಹೇಳುತ್ತಿದ್ದವು. ಅಣ್ಣನೊಬ್ಬನೇ ಹಣೆ ಒತ್ತಿಕೊಳ್ಳುತ್ತ "ಇನ್ನ ಎರಡು ಐಟಂ ಅದಾವು" ಎನ್ನುತ್ತಿದ್ದ, ಆದರೆ ಅವನ ಧ್ವನಿಯನ್ನು ಅವನೇ ನಂಬುವಂತಿರಲಿಲ್ಲ. ಕಾಲೆಳೆಯುತ್ತ ಬೇವಿನ ಗಿಡದ ಕಡೆ ಬಂದೆವು. ಅಲ್ಲಿ ನೆರಳು, ಗಾಳಿ, ರೊಟ್ಟಿ, ಮೊಸರು. ಚಿಗವ್ವ ಗಿಡಕ್ಕೆ ಬೆನ್ನು ಕೊಟ್ಟು ಕೂತಿದ್ದಾಳೆ. ಪಕ್ಕದಲ್ಲಿ ವೈನಿ ಕಾಲು ಚಾಚಿಕೊಂಡಿದ್ದಾಳೆ. ನಾವು ಬಂದದ್ದು ನೋಡಿ ಆಕೆ ಗಡಬಡಿಸಿ ಕಾಲು ಮಡಚಿದಳು.

ನಾವು ಒಬ್ಬರ ಮೇಲೊಬ್ಬರು ಕೌದಿಯ ಮೇಲೆ ಉರುಳಿದೆವು. ಚಿಗವ್ವ ಒಮ್ಮೆ ಎಲ್ಲರನ್ನೂ ನೋಡಿ, "ಬಿದ್ರಿ. ಕುಂದ್ರಲಿಲ್ಲ" ಎಂದಳು.

ಅಂದಿನಿಂದ ಆಡಳಿತ ಆಕೆಯ ಕೈಗೆ ಹೋಯಿತು. ಯಾರೂ ಕೊಡಲಿಲ್ಲ, ತಡೆಯುವ ಶಕ್ತಿ ಯಾರಿಗೂ ಉಳಿದಿರಲಿಲ್ಲ. ಮರುದಿನ ಬಾಗಿಲು ತೆರೆದಾಗ ನಾವು ಓಡಲಿಲ್ಲ. ಓಡುವವರೆಲ್ಲ ಓಡಿಹೋದ ಮೇಲೆ, ಜಾತ್ರೆ ಮುಗಿದ ಬೀದಿಯಲ್ಲಿ ನಡೆಯುವವರಂತೆ ಒಳಗೆ ಹೋದೆವು. ಒಂದು ಜೋಕಾಲಿ ಆದ ಮೇಲೆ ಒಂದು ನೆರಳು, ಇದು ನಿಯಮ. ಯಾರಾದರೂ "ನನಗೇನು ದಣಿವಾಗಿಲ್ಲ" ಎಂದರೆ ಅವರು ಮೊದಲು ಕೂರಬೇಕು. ನೀರಡಿಕೆಯಾಗುವ ಮೊದಲು ನೀರು, ಹಸಿವಾಗುವ ಮೊದಲು ತುತ್ತು. ಬಿಸಿಲು ನೆತ್ತಿಗೆ ಬರುತ್ತಲೇ ಎಲ್ಲರೂ ಕೋಣೆಗೆ ಮರಳಿ ಪರದೆ ಎಳೆದು ಮಲಗಬೇಕು.

ಅಣ್ಣ ಸಹಿಸಲಾರದೆ ಕೇಳಿದ, "ಇಷ್ಟು ದೂರ ಬಂದು ಮಧ್ಯಾಹ್ನ ಮಕ್ಕೊಳ್ಳೂದೇನ ಚಿಗವ್ವ? ಮನ್ಯಾಗ ಮಕ್ಕೊಂಡಿದ್ರ ಆಗ್ತಿತ್ತು."

"ಮನ್ಯಾಗ ಯಾವಾಗ ಮಕ್ಕೊಂಡಿ, ಹೇಳು?"

ಅಣ್ಣ ಯೋಚಿಸಿದ. ಉತ್ತರ ಸಿಗುವ ಮೊದಲೇ ಅವನಿಗೆ ನಿದ್ದೆ ಬಂತು.

ಇದು ನಡೆಯುವ ಮಾತಲ್ಲ ಎಂದುಕೊಂಡಿದ್ದ ನನ್ನ ಅಭಿಪ್ರಾಯ ಅಂದು ಸಂಜೆಗೇ ಬದಲಾಯಿತು. ಬಿಸಿಲು ಇಳಿದ ಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದರೆ, ಬೆಳಿಗ್ಗೆ ಓಡಿದ್ದ ಮಂದಿ ಸೋತ ಸೈನ್ಯದಂತೆ ಬಾಗಿಲಿನ ಕಡೆ ಬರುತ್ತಿದ್ದರು. ಅಪ್ಪಂದಿರು ಮಕ್ಕಳನ್ನು ತೊಗರಿ ಮೂಟೆಯಂತೆ ಹೆಗಲಿಗೆ ಹಾಕಿಕೊಂಡಿದ್ದರು. ತಾಯಂದಿರು ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದರು. ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವರ ನಡುವೆ ಎದುರು ದಿಕ್ಕಿಗೆ ನಾವು ಏಳು ಜನ, ಆಗಷ್ಟೇ ಎಣ್ಣೆ ಹಚ್ಚಿ ಎರೆದುಕೊಂಡವರಂತೆ ಹೊಳೆಯುತ್ತ ನಡೆದೆವು. ಒಳಗೆ ಸಾಲುಗಳೇ ಇರಲಿಲ್ಲ. ಹಿಂದಿನ ದಿನ ಒಂದಕ್ಕಾಗಿ ಕಾದಷ್ಟು ಹೊತ್ತಿನಲ್ಲಿ ಸೋಮು ಐದಾರು ಹತ್ತಿ ಇಳಿದ. ಅಣ್ಣ ಫೋನು ತೆಗೆದು ನೋಡಿದ, ನಮ್ಮ ಮುಖ ನೋಡಿದ, ಮತ್ತೆ ಫೋನು ನೋಡಿದ. ತೊಗರಿ ದರ ಒಮ್ಮೆಲೇ ಏರಿದಾಗ ಅವನ ಮುಖ ಹೀಗೇ ಆಗುತ್ತದೆ.

ಬೇವಿನ ಗಿಡದ ಕೆಳಗಿನ ಕೌದಿಗೂ ಹೆಸರು ಬಂತು. ಸೊಲ್ಲಾಪುರ ಕಡೆಯ ಒಂದು ಕುಟುಂಬದ ಅಜ್ಜಿ, ಸ್ವಲ್ಪ ಕೂರಲೇ ಎಂದು ಮರಾಠಿಯಲ್ಲಿ ಕೇಳಿ ಮಲಗಿಯೇಬಿಟ್ಟಳು. ಆಕೆಯನ್ನು ಹುಡುಕಿಕೊಂಡು ಬಂದ ಮಗ ಸೊಸೆಯೂ ಕೂತರು. ಹುಲ್ಲಿನ ಮೇಲೆ ಹೀಗೆ ಹಾಸಿಕೊಂಡು ಕೂರುವಂತಿಲ್ಲ ಎಂದು ಹೇಳಲು ಪಾರ್ಕಿನ ಸಮವಸ್ತ್ರದ ಹೆಣ್ಣುಮಗಳೊಬ್ಬಳು ಬಂದಳು. ಚಿಗವ್ವ ಆಕೆಯ ಮಾತು ಪೂರ್ತಿ ಕೇಳಿದಳು. ತಿಳಿಯಲಿಲ್ಲ, ತೆಲುಗು. ಆಕೆಯ ಬೂಟುಗಳನ್ನು ನೋಡಿ, "ಮುಂಜಾನಿಂದ ನಿಂತs ಇದ್ದೀಯೇನವ್ವ?" ಎಂದು ಕನ್ನಡದಲ್ಲಿ ಕೇಳಿದಳು. ಅವಳಿಗೂ ತಿಳಿಯಲಿಲ್ಲ. ಆದರೂ ಕೌದಿಯ ಅಂಚಿನ ಮೇಲೆ ಒಂದು ನಿಮಿಷ ಕೂತು, ಕಣ್ಣು ಮುಚ್ಚಿ, ಎದ್ದು ಹೋದಳು. ಮತ್ತೆ ಯಾರೂ ಬಂದು ಕೇಳಲಿಲ್ಲ.

ಇಷ್ಟೆಲ್ಲ ನಡೆದರೂ ವೈನಿ ಬೇವಿನ ನೆರಳು ಬಿಟ್ಟು ಯಾವ ಜೋಕಾಲಿಗೂ ಬರುತ್ತಿರಲಿಲ್ಲ. ಕರೆದಾಗಲೆಲ್ಲ ಚಿಗವ್ವನಿಗೆ ಏನೋ ಒಂದು ಆಗುತ್ತಿತ್ತು. ಒಮ್ಮೆ ಕಣ್ಣು ಕತ್ತಲೆ, ಒಮ್ಮೆ ಕಾಲು ಜೋಮು. "ನೀಲಾ ಇರಲಿ, ನೀವು ಹೋಗಿ ಬರ್ರಿ." ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. "ವೈನಿ ಆರಾಮ ಆಗಲಿ ಅಂತ ಕರಕೊಂಡು ಬಂದ್ವಿ. ಅಕಿ ಈ ಮುದುಕಿ ಕಾಲು ಒತ್ತಕೋತ ಕುಂತಾಳ. ನೀವಾರ ಒಂದು ಮಾತು ಹೇಳ್ರಿ" ಎಂದಳು. ಹೇಳೋಣ ಎಂದೇ ನಾನು ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ತಮ್ಮ ತಮ್ಮ ಕೋಣೆ ಸೇರಿದ್ದಾಗ, ಚಿಗವ್ವನ ಕೋಣೆಯ ಬಾಗಿಲು ತಟ್ಟಿದೆ.

ಎರಡನೆಯ ಸಲ ತಟ್ಟುವುದರೊಳಗೆ ಬಾಗಿಲು ಬೆರಳಷ್ಟು ತೆರೆಯಿತು. ಚಿಗವ್ವ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ನನ್ನನ್ನು ಒಳಗೆ ಬಿಟ್ಟುಕೊಂಡು, ಸಪ್ಪಳವಾಗದಂತೆ ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಿಂದ ತಿರುಗಿಸಿ ಮುಚ್ಚಿದಳು.

ಮಂಚದ ಮೇಲೆ ವೈನಿ ಮಲಗಿದ್ದಳು. ಮಲಗಿದ್ದಳು ಎಂದರೆ ಸಾಲದು. ಬಾಯಿ ಸ್ವಲ್ಪ ತೆರೆದಿತ್ತು, ಕೂದಲು ಬಿಚ್ಚಿ ದಿಂಬಿನ ತುಂಬ ಹರಡಿತ್ತು, ಒಂದು ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೆ ಆಕೆ ಹೀಗೆ ಹಗಲಿನಲ್ಲಿ ಮಲಗಿದ್ದನ್ನು ನಾನು ನೋಡಿರಲಿಲ್ಲ. ಆಕೆಯ ಕಾಲಿನ ಮೇಲೆ ಕೌದಿ ಹೊದಿಸಿತ್ತು. ಚಿಗವ್ವನ ಮಂಚದ ಹಾಸಿಗೆಯಲ್ಲಿ ಒಂದು ಮಡಿಕೆಯೂ ಬಿದ್ದಿರಲಿಲ್ಲ. ಆಕೆ ಬಾಗಿಲಿಗೂ ಮಂಚಕ್ಕೂ ನಡುವೆ ಒಂದು ಕುರ್ಚಿ ಹಾಕಿಕೊಂಡಿದ್ದಳು. ಗೋಡೆಯ ಪಕ್ಕದ ಟೆಲಿಫೋನಿನ ರಿಸೀವರ್ ಕೆಳಗಿಟ್ಟಿದ್ದಳು. ವೈನಿಯ ಮೊಬೈಲು ಆಕೆಯ ಮಡಿಲಿನಲ್ಲಿ ಸದ್ದಿಲ್ಲದೆ ನಡುಗುತ್ತಿತ್ತು. ಅಣ್ಣನ ಹೆಸರು ಮೂಡಿತು, ಆರಿತು, ಮತ್ತೆ ಮೂಡಿತು.

"ಸೋಮುನ ಬನೀನು ಕೆಂಪು ಚೀಲದಾಗ ಐತಿ ಅಂತ ಹೇಳು" ಎಂದು ಚಿಗವ್ವ ಪಿಸುಗುಟ್ಟಿದಳು. "ಅದನ್ನ ಕೇಳಾಕs ಫೋನ ಹೊಡದಿರ್ತಾನ."

"ನೀ ಮಕ್ಕೊಂಡಿಲ್ಲೇನ?"

"ನಾ ಮಕ್ಕೊಂಡ್ರ ಇಕಿ ಏಳ್ತಾಳ. ಏಳೂದs ರೂಢಿ ಆಗೇತಿ ಇಕಿಗೆ. ಮೊದಲನೇ ದಿನ ಗಿಡದ ಕೆಳಗ ಕಣ್ಣು ಮುಚ್ಚಿಕೊಂಡು ಬರೇ ಬಿದ್ದಿದ್ಲು. ನಿನ್ನಿ ಸ್ವಲ್ಪ ಹತ್ತಿತು. ಇವತ್ತ ನೋಡು, ಎಷ್ಟು ಛಂದ ಬಂದೈತಿ ನಿದ್ದಿ."

ಕಣ್ಣು ಕತ್ತಲೆ, ಕಾಲು ಜೋಮು, ಗೊರಕೆ, ಅಂಜಿಕೆ, ಕೊಂಡುತಂದ ರೊಟ್ಟಿ, ಎಲ್ಲ ಒಂದೊಂದಾಗಿ ನನ್ನ ಮುಂದೆ ಬಂದು ನಿಂತವು. ನಮ್ಮೆಲ್ಲರನ್ನು ನೆರಳಿಗೆ ಕೂರಿಸಿದ್ದು ನಮ್ಮ ಸಲುವಾಗಿ ಅಲ್ಲವೇ ಅಲ್ಲ. ನಾವು ದಣಿದು ಬಂದರೆ ನಮ್ಮ ಕಾಲು ತೊಳೆಯುವವಳು ಯಾರು, ವಾಂತಿ ಬಳಿಯುವವಳು ಯಾರು ಎಂಬುದು ಆಕೆಗೆ ಗೊತ್ತಿತ್ತು. ಏಳು ಜನರ ಪ್ರವಾಸವನ್ನು ಆಕೆ ಒಬ್ಬಳ ಉಸಿರಿಗೆ ಹೊಂದಿಸಿ ನಡೆಸಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ, ವೈನಿಗೂ.

"ನೀ ಅಣ್ಣಗ ನೇರ ಹೇಳಬಹುದಿತ್ತಲ್ಲ ಚಿಗವ್ವ."

"ಹೇಳಿದ್ರ ಅಂವ ಇಕಿಗೆ ರೆಸ್ಟ್ ಮಾಡು ರೆಸ್ಟ್ ಮಾಡು ಅಂತ ತಾಸಿಗೊಮ್ಮಿ ಬಂದು ಎಬ್ಬಸ್ತಿದ್ದ." ಮಂಚದ ಕಡೆ ನೋಡುತ್ತಲೇ ಮತ್ತೆ ಹೇಳಿದಳು, "ನಿಮ್ಮವ್ವ ಹಿಂಗ ಮಕ್ಕೊಂಡಿದ್ದು ನಾ ಒಂದು ಸಲಾನೂ ನೋಡಲಿಲ್ಲಪಾ."

ನಮ್ಮ ಅವ್ವ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡವಳು. ಆಕೆ ಮಲಗಿದ್ದನ್ನು ನೆನಪಿಸಿಕೊಳ್ಳಲು ನಾನು ಅಲ್ಲೇ ನಿಂತು ಪ್ರಯತ್ನಿಸಿದೆ. ನಾನು ಮಲಗುವಾಗ ಎಚ್ಚರವಿದ್ದಳು, ಏಳುವಾಗ ಎಚ್ಚರವಿದ್ದಳು. ನಡುವಿನದು ನನಗೆ ಗೊತ್ತಿಲ್ಲ. ಬಾಗಿಲನ್ನು ಸಪ್ಪಳವಾಗದಂತೆ ಎಳೆದುಕೊಂಡು ಹೊರಗೆ ಬಂದು, ಬನಿಯನ್ ಕೆಂಪು ಚೀಲದಲ್ಲಿದೆ ಎಂದು ಅಣ್ಣನಿಗೆ ಹೇಳಿದೆ. ಬೇರೆ ಏನೂ ಹೇಳಲಿಲ್ಲ. ಹೆಂಡತಿ "ಹೇಳಿದ್ರೇನ್ರಿ?" ಎಂದು ಕೇಳಿದ್ದಕ್ಕೆ ಹೇಳಿದೆ ಎಂದುಬಿಟ್ಟೆ.

ಕೊನೆಯ ದಿನ ಸಂಜೆ. ಆ ಹೊತ್ತಿಗೆ ಅಣ್ಣ ಎಷ್ಟು ಬದಲಾಗಿದ್ದನೆಂದರೆ, ಕೌದಿಯನ್ನು ತಾನೇ ಹೊತ್ತು ತಂದು ಬೇವಿನ ಗಿಡದ ಕೆಳಗೆ ಹಾಸಿದ್ದ. ವೈನಿ, ಚಿಗವ್ವ ಅಲ್ಲೇ ಕೂತರು. ನಾವು ಐದು ಜನ ಪಾರ್ಕನ್ನು ಸುತ್ತುಹಾಕುವ ಪುಟ್ಟ ರೈಲು ಹತ್ತಿ ಮರಳಿ ಬಂದು ನೋಡಿದರೆ ಚಿಗವ್ವ ಒಬ್ಬಳೇ ಇದ್ದಳು.

"ನೀಲಾ ಎಲ್ಲಿ?" ಎಂದ ಅಣ್ಣ.

"ಹೋಗ್ಯಾಳ."

"ಎಲ್ಲಿ ಹೋಗ್ಯಾಳ?"

"ನಾ ಕೇಳಲಿಲ್ಲ. ಎದ್ದ್ಲು, ಸೆರಗ ಸಿಗಿಸಿಕೊಂಡ್ಲು, ಬರ್ತೇನ್ರಿ ಅಂದ್ಲು, ಹೋದ್ಲು."

ಅಣ್ಣನ ಮುಖದ ಬಣ್ಣ ಹೋಯಿತು. ವೈನಿಯ ಮೊಬೈಲು ಕೌದಿಯ ಮೇಲೆಯೇ ಬಿದ್ದಿತ್ತು. "ಎಲ್ಲ್ಯಾರ ಮತ್ತ ತಲಿ ತಿರುಗಿ ಬಿದ್ದಿದ್ರ ಏನ ಮಾಡೂದು?" ಎಂದವನೇ ಹೊರಟ, ನಾವೂ ಅವನ ಬೆನ್ನಿಗೆ ಹೊರಟೆವು. ಬೇಸಿಗೆಯಲ್ಲಿ ಹಿಟ್ಟಿನ ಕೈಯ ಹೆಂಡತಿಯನ್ನು ನೆಲದಿಂದ ಎತ್ತಿಕೊಂಡವನು ಅವನೇ. ಅದು ಅವನ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ನಳದ ಹತ್ತಿರ ನೋಡಿದ, ಹೋಟೆಲಿನ ಮುಂದೆ ನೋಡಿದ, ಹೆಂಗಸರ ಶೌಚಾಲಯದ ಬಾಗಿಲಿಗೆ ಅಂಕಿತಾಳನ್ನು ಕಳಿಸಿದ. ಎಲ್ಲೂ ಇಲ್ಲ. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ವಿಚಾರಿಸಿ ಬಂದಾಗ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಅಲ್ಲಿಂದ ಮುಂದೆ ಹಡಗಿನ ಆಕಾರದ ದೊಡ್ಡ ಜೋಕಾಲಿ ಇತ್ತು. ಈ ಕಡೆ ಒಮ್ಮೆ ಆಕಾಶಕ್ಕೆ, ಆ ಕಡೆ ಒಮ್ಮೆ ಆಕಾಶಕ್ಕೆ ಏರುವಂಥದ್ದು. ಹತ್ತಿದವರೆಲ್ಲ ಜೀವ ಹೋಗುವಂತೆ ಕಿರುಚುತ್ತಿದ್ದರು. ಆ ಕಿರುಚಾಟದ ನಡುವೆ ಯಾರೋ ಒಬ್ಬ ಹೆಣ್ಣುಮಗಳು ನಗುತ್ತಿದ್ದಳು. ಹೊಟ್ಟೆಯೊಳಗಿನಿಂದ ಬರುವ ನಗು. ಹಡಗು ಮೇಲೇರಿದಂತೆ ಏರುತ್ತಿತ್ತು, ಮೇಲೆ ಒಂದು ಕ್ಷಣ ಉಸಿರು ಹಿಡಿದು ನಿಲ್ಲುತ್ತಿತ್ತು, ಇಳಿಯುವಾಗ ಮತ್ತೆ ಸುರಿಯುತ್ತಿತ್ತು. ಸಾಲಿನಲ್ಲಿ ನಿಂತ ಅಪರಿಚಿತರೂ ಅದನ್ನು ಕೇಳಿ ತಮಗೆ ತಿಳಿಯದೆಯೇ ನಗತೊಡಗಿದ್ದರು. ಅಣ್ಣ ಕೂಡ ಹಣೆಯ ಬೆವರು ಒರೆಸುತ್ತ ಒಮ್ಮೆ ತಲೆಯೆತ್ತಿ ನೋಡಿದ.

"ಯಾರಪಾ ಅಕಿ? ಎಷ್ಟು ಛಂದ ನಗಾಕತ್ತಾಳ" ಎಂದ. ಹಾಗೆಂದವನೇ ಪಕ್ಕದವರ ಕಡೆ ತಿರುಗಿ, ಹಸಿರು ಸೀರೆಯ ಹೆಣ್ಣುಮಗಳೊಬ್ಬಳನ್ನು ನೋಡಿದಿರಾ ಎಂದು ಹಿಂದಿಯಲ್ಲಿ ಕೇಳತೊಡಗಿದ.

ಹಡಗಿನ ವೇಗ ತಗ್ಗಿತು. ತೂಗಿ ತೂಗಿ ನಿಂತಿತು. ಕೊನೆಯ ಸಾಲಿನಲ್ಲಿ, ಗುರುತಿಲ್ಲದ ಇಬ್ಬರು ಕಾಲೇಜು ಹುಡುಗಿಯರ ನಡುವೆ, ಹಸಿರು ಸೀರೆಯುಟ್ಟ ನಮ್ಮ ವೈನಿ ಕೂತಿದ್ದಳು. ಕೂದಲು ಕೆದರಿತ್ತು, ಕಣ್ಣಿನಲ್ಲಿ ನೀರು ಬಂದಿತ್ತು, ನಗು ಇನ್ನೂ ನಿಂತಿರಲಿಲ್ಲ. ಸೋಮು "ಅವ್ವ" ಎಂದು ಬಾಯಿ ತೆರೆದವನು ಹಾಗೇ ನಿಂತ.

ಕಂಬಿ ಹಿಡಿದು ಮೆಟ್ಟಿಲಿಳಿದು ಬಂದ ವೈನಿ ನಮ್ಮನ್ನೆಲ್ಲ ನೋಡಿ ಸ್ವಲ್ಪ ನಾಚಿದಳು. ಅಣ್ಣನಿಗೆ ಹೇಳಿದಳು, "ನಮ್ಮ ಮುದ್ದೇಬಿಹಾಳದಾಗ ನಾಗರ ಪಂಚಮಿ ಜೋಕಾಲಿ ಹಿಂಗs ಜೀಕತಿದ್ವಿರಿ. ಓಣ್ಯಾಗ ನನ್ನಷ್ಟು ಮ್ಯಾಲ ಯಾರೂ ಹೋಗತಿರಲಿಲ್ಲ. ನನಗ ಅದು ಮರತs ಹೋಗಿತ್ತು ನೋಡ್ರಿ."

ಅಣ್ಣ ಇಲ್ಲೆಲ್ಲ ಹುಡುಕಿದೆ ಎನ್ನಲಿಲ್ಲ, ಹೇಳಿ ಹೋಗಬಾರದೇ ಎಂದು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಹತ್ತಿರ ಬಂದು, ನನಗಷ್ಟೇ ಕೇಳುವಂತೆ, "ನನಗ ಗುರುತs ಹತ್ತಲಿಲ್ಲ ನೋಡೋ ತಮ್ಮಾ" ಎಂದ. ಅವನ ಧ್ವನಿ ಅಷ್ಟು ಸಣ್ಣದಾಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ವೈನಿ ಯಾರನ್ನೂ ಕೇಳದೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಿದ್ದಳು. ಆ ಹಡಗಿಗೆ ಮಾತ್ರ ಸಂಜೆಯಲ್ಲೂ ಸಾಲು ಉದ್ದವಿತ್ತು. ಅಣ್ಣ ಫೋನನ್ನು ನನ್ನ ಕೈಗೆ ಕೊಟ್ಟು ಹೋಗಿ ಆಕೆಯ ಪಕ್ಕ ನಿಂತ. ಅವನು ಏನೋ ಕೇಳಿದ. ವೈನಿ ತಲೆಯೆತ್ತಿ, ಕೈ ಮೇಲೆ ಮಾಡಿ, ಮುದ್ದೇಬಿಹಾಳದ ಆ ಜೋಕಾಲಿ ಎಷ್ಟು ಎತ್ತರ ಹೋಗುತ್ತಿತ್ತೆಂದು ಅವನಿಗೆ ತೋರಿಸತೊಡಗಿದಳು.